ಮಂಚದ ಕೆಳಗೆ ಹಿಡಿಸುವಷ್ಟು ಹಬ್ಬ

ಮಡಚಿ ಇಡೋಕೆ ಬಾರದ ಅಲಂಕಾರವನ್ನು ನಾನು ಮಾಡುವುದಿಲ್ಲ. ಎಷ್ಟೇ ಚೆನ್ನಾಗಿ ಕಾಣಲಿ, ಹಬ್ಬ ಮುಗಿದ ಮೇಲೆ ಅದು ಚಪ್ಪಟೆಯಾಗಿ ಮಂಚದ ಕೆಳಗೆ ಸೇರಬೇಕು. ಹಾಸನದಲ್ಲಿ ನಮ್ಮದು ಎರಡೇ ರೂಮಿನ ಮನೆ. ಅತ್ತೆ, ನಮ್ಮನೆಯವರು, ಮಗಳು, ನಾನು. ಕ್ರಾಫ್ಟಿಗೆ ಅಂತ ಬೇರೆ ಜಾಗ ಎಲ್ಲಿಂದ ಬರಬೇಕು? ಬೀರುವಿನ ಕೆಳಗಿನ ಎರಡು ಖಾನೆ, ಮಂಚದ ಕೆಳಗಿನ ಜಾಗ, ಅಷ್ಟೇ ನನಗೆ ಸಿಕ್ಕಿರುವುದು. ಗೌರಿ ಹಬ್ಬದಿಂದ ದೀಪಾವಳಿವರೆಗಿನ ಅಲಂಕಾರವೂ ಅದರಲ್ಲೇ ಇರಬೇಕು, ಅದನ್ನು ಮಾಡುವ ಸಾಮಾನೂ ಅದರಲ್ಲೇ ಇರಬೇಕು.

ಕಸದಿಂದ ರಸ ಅಂತ ಎಲ್ಲರೂ ಹೇಳುತ್ತಾರೆ. ರಸ ತೆಗೆಯುವ ತನಕ ಆ ಕಸವನ್ನು ಎಲ್ಲಿ ಇಡೋದು ಅಂತ ಯಾರೂ ಹೇಳುವುದಿಲ್ಲ. ಹಾಗಾಗಿ ಇಡುವ ವಿಷಯದಿಂದಲೇ ಶುರು ಮಾಡುತ್ತೇನೆ.

ನಮ್ಮೂರಿಗೆ ಬಡವರ ಊಟಿ ಅಂತ ಹೆಸರು. ಈ ತಂಪು ಮನುಷ್ಯರಿಗೆ ಹಿತ, ಪೇಪರಿಗೆ ಆಗಿಬರುವುದಿಲ್ಲ. ಸಕಲೇಶಪುರದ ಕಡೆ ಹೊಡೆಯುವಷ್ಟು ಮಳೆ ಇಲ್ಲಿಲ್ಲ ನಿಜ. ಆದರೂ ಜೂನ್‌ನಲ್ಲಿ ಜಿಟಿಜಿಟಿ ಹಿಡಿದರೆ ಗೋಡೆ ತೇವ ಹೀರುತ್ತದೆ, ಗೋಡೆಗೆ ಒರಗಿಸಿಟ್ಟ ರಟ್ಟೂ ಹೀರುತ್ತದೆ. ಗಣೇಶನ ಹಬ್ಬಕ್ಕೆ ಅಂತ ತೆಗೆದರೆ ಬರೀ ಬೂಷ್ಟು ವಾಸನೆ. ರಟ್ಟಿನ ಪೆಟ್ಟಿಗೆಯಲ್ಲಿ ಸಾಮಾನು ತುಂಬಿಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಇನ್ನೊಂದು ಕಾರಣ ಜಿರಳೆ. ರಟ್ಟಿನ ಒಳಗೆ ಅಲೆಅಲೆಯಾದ ಪದರ ಇರುತ್ತದಲ್ಲ, ಅದರ ಸಂದು ಜಿರಳೆಗೆ ಬಹಳ ಇಷ್ಟ. ಅದನ್ನು ಅಂಟಿಸಿದ ಗಂಜಿ ಅದಕ್ಕೆ ಊಟ. ರಟ್ಟನ್ನು ಕತ್ತರಿಸಿ ಹಾಳೆ ಮಾಡಿ ಇಟ್ಟುಕೊಳ್ಳಿ, ಪೆಟ್ಟಿಗೆಯಾಗಿ ಬೇಡ.

ನಾನು ಸಾಮಾನು ಇಡುವುದು ಬಿಸ್ಕೆಟ್ ಟಿನ್ನು, ಐಸ್‌ಕ್ರೀಂ ಡಬ್ಬಿ, ಹಾರ್ಲಿಕ್ಸ್ ಬಾಟಲಿ ಇಂಥವುಗಳಲ್ಲಿ. ಮುಚ್ಚಳ ಬಿಗಿ ಇರಬೇಕು, ಅದೊಂದೇ ಷರತ್ತು. ಮಂಚದ ಕೆಳಗೆ ನೆಲಕ್ಕೆ ತಾಗದ ಹಾಗೆ ಎರಡು ಹಲಗೆ ಹಾಕಿದ್ದೇನೆ. ಹೊರಗಿನ ಗೋಡೆಯಿಂದ ಒಂದು ಗೇಣು ದೂರ. ಮೇ ತಿಂಗಳ ಬಿಸಿಲಿಗೆ ಎಲ್ಲವನ್ನೂ ತಾರಸಿ ಮೇಲೆ ಹರಡಿ, ಬಿಸಿ ಆರಿದ ಮೇಲೆ ಒಣಗಿದ ಬೇವಿನ ಎಲೆ ಹಾಕಿ ಮುಚ್ಚಿಬಿಡುತ್ತೇನೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ.

ರಿಬ್ಬನ್ನು, ಲೇಸು, ಜರಿ ಅಂಚು ಇವುಗಳಿಗೆ ನಂದಿನಿ ಹಾಲಿನ ಕವರೇ ಹೊದಿಕೆ. ಹಾಲು ಬಗ್ಗಿಸಿದ ತಕ್ಷಣ ತೊಳೆಯಬೇಕು. ಸಂಜೆಗೆ ಅಂತ ಸಿಂಕಿನ ಪಕ್ಕ ಬಿಟ್ಟರೆ ಆ ವಾಸನೆ ಆಮೇಲೆ ಏನು ಮಾಡಿದರೂ ಹೋಗಲ್ಲ. ಮೂಲೆ ಕತ್ತರಿಸುವಾಗ ತುಂಡು ಪೂರ್ತಿ ಬೇರೆ ಆಗದ ಹಾಗೆ ಕತ್ತರಿಸಿ. ಆ ಚೂರು ಯಾರ ಕೈಗೂ ಸಿಗದೆ ಸೀದಾ ಚರಂಡಿ ಸೇರುತ್ತದೆ. ತೊಳೆದ ಕವರನ್ನು ಬಟ್ಟೆ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದರೆ ಆಯಿತು.

ಇನ್ನು ಡಬ್ಬಿಗಳ ಮೇಲಿನ ಹೆಸರು. ಎಲ್ಲರೂ ಸಾಮಾನಿನ ಹೆಸರು ಬರೆಯುತ್ತಾರೆ: ಪೇಪರ್, ಬಟ್ಟೆ, ಮಣಿ. ನಾನು ಹಬ್ಬದ ಹೆಸರು ಬರೆಯುತ್ತೇನೆ. ಗೌರಿ-ಗಣೇಶ, ದಸರಾ ಗೊಂಬೆ, ದೀಪಾವಳಿ, ರಾಜ್ಯೋತ್ಸವ, ಮದುವೆ-ಮುಂಜಿ. ಮನೆಗೆ ಒಂದು ಚೆಂದದ ಡಬ್ಬವೋ ಹಾಳೆಯೋ ಬಂದರೆ ಇದು ಯಾವ ಹಬ್ಬಕ್ಕೆ ಅಂತ ಅಲ್ಲೇ ತೀರ್ಮಾನ ಆಗಬೇಕು. ಯಾವುದಕ್ಕೂ ಹೊಂದದಿದ್ದರೆ ಅದು ನನಗೆ ಬೇಡ. 'ಯಾವುದಕ್ಕಾದರೂ ಆಗುತ್ತೆ, ಇರಲಿ' ಅನ್ನುವ ಡಬ್ಬಿ ಮಾತ್ರ ನಮ್ಮ ಮನೆಯಲ್ಲಿ ಇಲ್ಲ. ಅಂಥದ್ದೊಂದು ಇದ್ದರೆ ಎಲ್ಲವೂ ಅದಕ್ಕೇ ಹೋಗಿ ಬೀಳುತ್ತದೆ, ಅಲ್ವಾ?

ಪ್ರತಿ ವರ್ಷ ತಾನಾಗಿಯೇ ಬಂದು ಸೇರುವ ವಸ್ತು ಅಂದರೆ ಬಾಗಿನದ ಮೊರ. ಗೌರಿ ಹಬ್ಬದಲ್ಲಿ ಕೊಡುವುದೂ ಉಂಟು, ತಗೊಳ್ಳುವುದೂ ಉಂಟು. ಒಂದು ಮೊರದ ಮೇಲೆ ಇನ್ನೊಂದು ಮುಚ್ಚಿ ಕೊಡುವುದರಿಂದ ಬರುವುದೆಲ್ಲ ಜೋಡಿ ಲೆಕ್ಕ. ಒಳಗಿನ ಅಕ್ಕಿ ಬೇಳೆ ಅಡುಗೆಗೆ, ಬಳೆ ಮಗಳಿಗೆ, ರವಿಕೆ ಕಣ ಬೀರುವಿಗೆ. ಮೊರ? ಈಗ ಅಕ್ಕಿ ಕೇರುವವರು ಯಾರು? ಒಂದರೊಳಗೊಂದು ಕೂರುವುದರಿಂದ ಎಷ್ಟು ಬಂದರೂ ಜಾಗ ಜಾಸ್ತಿ ಬೇಡ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆ ಕ್ರಾಫ್ಟ್ ಸಾಮಾನಿಲ್ಲ.

ಮೊದಲ ಸಲ ಅದನ್ನು ಕತ್ತರಿಸಲು ಹೊರಟಾಗ ಅತ್ತೆ ತಡೆದರು. "ಗೌರಿಗೆ ಇಟ್ಟಿದ್ದು ಕಣಮ್ಮಾ, ಅದಕ್ಕೆ ಕತ್ತರಿ ಹಾಕಬೇಡ" ಅಂದರು. ಸರಿ ಅನಿಸಿತು. ಇವತ್ತಿಗೂ ಮೊರವನ್ನು ಇಡಿಯಾಗಿಯೇ ಬಳಸುತ್ತೇನೆ. ಅರಿಶಿನ ಬಳಿದ ಮೊರಕ್ಕೆ ಅದೇ ಬಣ್ಣ ಸಾಕು, ಬೇರೆ ಪೇಂಟ್ ಬೇಡ. ನಡುವೆ ಬಾಗಿನದ್ದೇ ಒಂದು ರವಿಕೆ ಕಣವನ್ನು ನಾಲ್ಕು ಮೂಲೆಗೆ ಹೊಲಿಗೆ ಹಾಕಿ ಬಿಗಿಯುತ್ತೇನೆ. ಅಂಟಿಸುವುದಿಲ್ಲ, ಹೊಲಿಗೆ ಬಿಚ್ಚಿದರೆ ಬಟ್ಟೆ ಮತ್ತೆ ಬಟ್ಟೆಯೇ. ಸುತ್ತ ಬಿಳಿ ಬಣ್ಣದಲ್ಲಿ ರಂಗೋಲಿ ಚುಕ್ಕಿ. ಮೂರು ಮೊರ ಸಾಲಾಗಿ ಗೋಡೆಗೆ ಹಾಕಿದರೆ ಗಣಪತಿ ಹಿಂದೆ ಬೇರೆ ಪರದೆಯೇ ಬೇಡ. ಬಿದಿರಿಗೆ ಕುಟ್ಟೆ ಹುಳ ಬೀಳುವ ಭಯ ಇದೆ. ಕೆಳಗೆ ಸಣ್ಣ ಹಿಟ್ಟು ಉದುರಿದ್ದು ಕಂಡರೆ ಅದೇ. ಬಿಸಿಲಿಗೆ ಒಣಗಿಸಿ, ಬೇವಿನ ಎಣ್ಣೆ ಒರೆಸಿ, ಹುಳ ಬಿದ್ದ ಮೊರವನ್ನು ಉಳಿದವುಗಳಿಂದ ಬೇರೆ ಇಡಿ.

ಗಣಪತಿಯ ಮಂಟಪ ಥರ್ಮಾಕೋಲ್‌ನದು ಅಂಗಡಿಯಲ್ಲಿ ಸಿಗುತ್ತಿತ್ತು. ಅಲಂಕಾರದ ಥರ್ಮಾಕೋಲ್‌ಗೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಬಂತು. ಒಳ್ಳೆಯದೇ ಆಯಿತು. ಟಿವಿ, ಮಿಕ್ಸಿ ಜೊತೆ ಮನೆಗೆ ಬರುವ ಥರ್ಮಾಕೋಲ್ ಮಾತ್ರ ಇನ್ನೂ ತಪ್ಪಿಲ್ಲ. ಅದನ್ನು ಬೀರುವಿನ ಖಾನೆಯೊಳಗೆ ಹಾಕಿ ಕತ್ತರಿ, ಬ್ರಶ್ಶು, ಸೂಜಿ, ದಬ್ಬಣ ಚುಚ್ಚಿಡಲು ಇಟ್ಟುಕೊಂಡಿದ್ದೇನೆ. ಸ್ಪ್ರೇ ಪೇಂಟ್ ಮಾತ್ರ ಹೊಡೆಯಬೇಡಿ, ಕರಗಿ ಗುಳಿ ಬೀಳುತ್ತದೆ.

ಮಂಟಪಕ್ಕೆ ನಾನು ಬಳಸುವುದು ಫ್ರಿಜ್ಜು, ವಾಷಿಂಗ್ ಮಷೀನ್ ಬರುವ ದಪ್ಪ ಐದು ಪದರದ ರಟ್ಟು. ಫ್ಯಾನು, ಬಟ್ಟೆ ಬರುವ ಮೂರು ಪದರದ್ದು ಕಂಬಕ್ಕೆ ಆಗಲ್ಲ. ಕಂಬ ಕತ್ತರಿಸುವಾಗ ಒಳಗಿನ ಅಲೆಯ ಗೆರೆ ಮೇಲಿಂದ ಕೆಳಕ್ಕೆ ಇರಬೇಕು. ಅಡ್ಡ ಬಂದರೆ ಕಂಬ ನಡುವಲ್ಲಿ ಮಡಿಯುತ್ತದೆ. ಎರಡು ರಟ್ಟು ಸೇರುವ ಕಡೆ ಅಂಟು ಬೇಡ, ಎರಡಕ್ಕೂ ಅರ್ಧರ್ಧ ಎತ್ತರದ ಸೀಳು ಕೊಯ್ದು ಒಂದರೊಳಗೊಂದು ಕೂರಿಸಿ. ಸೀಳಿನ ಅಗಲವನ್ನು ಸ್ಕೇಲಿನಲ್ಲಿ ಅಳೆಯುವುದಕ್ಕಿಂತ ಅದೇ ರಟ್ಟಿನ ಒಂದು ತುಂಡನ್ನು ನಿಲ್ಲಿಸಿ ಪಕ್ಕಕ್ಕೆ ಗೆರೆ ಎಳೆಯುವುದು ವಾಸಿ. ವಿಸರ್ಜನೆ ಆದ ರಾತ್ರಿಯೇ ಬಿಚ್ಚಿ ಹಾಳೆ ಮಾಡಿ ಇಡಬಹುದು. ಮಣ್ಣಿನ ಗಣಪತಿಯ ಭಾರ ರಟ್ಟಿನ ಮೇಲೆ ಬೀಳಬಾರದು, ಮೂರ್ತಿಗೆ ಮಣೆ ಬೇರೆ.

ನನಗೆ ಬಹಳ ಖುಷಿ ಕೊಟ್ಟ ಕೆಲಸ ದಸರಾ ಗೊಂಬೆಗೆ ಮಾಡಿದ ದೇವಸ್ಥಾನ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವು. ಅಕ್ಟೋಬರ್‌ನಲ್ಲಿ ದಸರಾ. "ಈ ಸಲ ಪಾರ್ಕ್ ಬೇಡಮ್ಮಾ, ಬೇಲೂರು ಮಾಡೋಣ" ಅಂದಳು ಮಗಳು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ದೇವಸ್ಥಾನವನ್ನು ಹಳೇ ರಟ್ಟಲ್ಲಿ ಮಾಡೋದು ಹೇಗೆ? ಶಿಲ್ಪಗಳನ್ನು ಮಾಡಲು ನನ್ನಿಂದ ಸಾಧ್ಯವೇ ಇಲ್ಲ, ಅದರ ಆಸೆ ಬಿಟ್ಟೆ. ಹೊಯ್ಸಳರ ಗುಡಿ ಅಂತ ದೂರದಿಂದಲೇ ಗುರುತು ಸಿಗುವುದು ಆ ನಕ್ಷತ್ರದ ಆಕಾರದಿಂದ. ಅದಷ್ಟೇ ಸಾಕು ಅಂದುಕೊಂಡೆ.

ಆ ಆಕಾರದ ಗುಟ್ಟು ತುಂಬ ಸರಳ. ಒಂದು ಚೌಕವನ್ನು ಅದರ ನಡುವಿನ ಬಿಂದುವಿನ ಮೇಲೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದರೆ ನಕ್ಷತ್ರ ಬರುತ್ತದೆ. ಎಂಟು ಇಂಚಿನ ಒಂದು ಚೌಕ ಕತ್ತರಿಸಿ ನಡುವೆ ದಬ್ಬಣ ಚುಚ್ಚಿ ದೊಡ್ಡ ರಟ್ಟಿಗೆ ನಿಲ್ಲಿಸಿ. ಸುತ್ತ ಗೆರೆ ಎಳೆಯಿರಿ. ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ಕೋನಮಾಪಕ ಬೇಡ. ವೃತ್ತಾಕಾರದ ಪೇಪರನ್ನು ನಾಲ್ಕು ಸಲ ಅರ್ಧ ಮಡಚಿ ಬಿಚ್ಚಿದರೆ 16 ಭಾಗ ಆಗುತ್ತದೆ. ಅದನ್ನು ಚೌಕದ ಕೆಳಗೆ ಇಟ್ಟು ಚೌಕದ ಒಂದು ಮೂಲೆಯನ್ನು ಒಂದೊಂದೇ ಮಡಿಕೆ ಗೆರೆಗೆ ಕೂಡಿಸುತ್ತಾ ಗೆರೆ ಎಳೆಯಿರಿ. ನಾಲ್ಕನೇ ಸಲಕ್ಕೆ 16 ಮೂಲೆಯ ನಕ್ಷತ್ರ ತಯಾರು. ಹೊರಗಿನ ಅಂಚಿಗೆ ಮಾತ್ರ ಕತ್ತರಿಸಿ. ಮಗಳ ಕಣ್ಣು ಅರಳಿದ್ದು ಇಲ್ಲೇ. ಗಣಿತದ ಪುಸ್ತಕ ತಂದು ಪಕ್ಕದಲ್ಲಿ ಇಟ್ಟುಕೊಂಡಳು.

ಇದೇ ನಕ್ಷತ್ರವನ್ನು ಬೇರೆ ಬೇರೆ ಅಳತೆಯಲ್ಲಿ ಮಾಡಿ ಒಂದರ ಮೇಲೊಂದು ಪೇರಿಸಿದರೆ ಜಗತಿ, ಅಂದರೆ ಗುಡಿ ನಿಲ್ಲುವ ಎತ್ತರದ ಕಟ್ಟೆ. ಎಲ್ಲದರ ನಡುವೆ ತೂತು ಮಾಡಿ ಒಂದು ಬಿದಿರ ಕಡ್ಡಿ ಇಳಿಸಿದರೆ ಅಲುಗಾಡುವುದಿಲ್ಲ, ಅಂಟೂ ಬೇಕಿಲ್ಲ. ಗೋಡೆಗೆ ಮೂರು ಪದರದ ರಟ್ಟಿನ ಉದ್ದ ಪಟ್ಟಿ. ಇದನ್ನು ಒಮ್ಮೆ ಒಳಗೆ ಒಮ್ಮೆ ಹೊರಗೆ ಮಡಚುತ್ತಾ ಹೋಗಬೇಕು, ಬೀಸಣಿಗೆಯ ಹಾಗೆ. ಎಂಟು ಇಂಚಿನ ಚೌಕಕ್ಕೆ ಒಂದೊಂದು ಮಗ್ಗುಲು ಒಂದೂಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ, ಒಟ್ಟು 32 ಮಗ್ಗುಲು. ಅಲೆಯ ಗೆರೆ ನೆಟ್ಟಗೆ ನಿಲ್ಲುವಂತೆ ಪಟ್ಟಿ ಕತ್ತರಿಸಿದರೆ ಮಡಿಕೆ ತಾನಾಗಿ ಕೂರುತ್ತದೆ. ಪಟ್ಟಿ ಉದ್ದ ಸಾಲದಿದ್ದರೆ ಎರಡನ್ನು ಬಟ್ಟೆ ಅಂಟಿಸಿ ಸೇರಿಸಿ. ಬಿಚ್ಚಿದರೆ ನಕ್ಷತ್ರದ ಸುತ್ತ ಗೋಡೆ, ಮಡಚಿದರೆ ಒಂದು ನೋಟ್‌ಬುಕ್ಕಿಗಿಂತ ಸಣ್ಣ ಕಟ್ಟು.

ಹೊಯ್ಸಳರ ಗುಡಿ ಕಟ್ಟಿರುವ ಬಳಪದ ಕಲ್ಲಿನ ಬಣ್ಣ ಬರಿಸುವುದಕ್ಕೆ ನನಗೆ ಹೊತ್ತು ಹಿಡಿಯಿತು. ಬರೀ ಕಪ್ಪು ಬಳಿದರೆ ಟಾರ್ ರಸ್ತೆ ಕಂಡ ಹಾಗೆ ಕಾಣುತ್ತಿತ್ತು. ಕಡೆಗೆ ಹೊಂದಿದ್ದು ಹೀಗೆ: ಮೇಲೆ ಹಳೇ ನ್ಯೂಸ್‌ಪೇಪರ್ ಚೂರು ಮೈದಾ ಗಂಜಿಯಲ್ಲಿ ಅಂಟಿಸಿ ಒಣಗಿಸುವುದು, ಬೂದು ಬಣ್ಣಕ್ಕೆ ಒಂದು ಹನಿ ಹಸಿರು ಸೇರಿಸಿ ತೆಳ್ಳಗೆ ಬಳಿಯುವುದು, ಒಣಗಿದ ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಬಟ್ಟೆಯಲ್ಲಿ ಉಜ್ಜುವುದು. ಉಜ್ಜಿದ ಅಂಚುಗಳಲ್ಲಿ ನೀಲಿ ಛಾಯೆಯ ಒಂದು ಮಂದ ಹೊಳಪು ಏಳುತ್ತದೆ. ಬೇಲೂರಿನ ನುಣುಪಾದ ಕಂಬಗಳಿಗೆ ಇರುವ ಹೊಳಪು ಅದು.

ಗಂಜಿಗೆ ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಮೂರು ಲೋಟ ಕುದಿಯುವ ನೀರಿಗೆ ಹಾಕಿ, ಬಿಳುಪು ಹೋಗಿ ಪಾರದರ್ಶಕ ಆಗುವ ತನಕ ತಿರುವಿ. ಬುಕ್ ಬೈಂಡಿಂಗ್ ಮಾಡುವವರು ಹುಳ ಬೀಳದಿರಲಿ ಅಂತ ಇದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಾರೆ. ತೋಟದವರು ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಬಳಸುವ ಅದೇ ನೀಲಿ ಹರಳು. ಅದು ವಿಷ. ಅಡುಗೆ ಪಾತ್ರೆಗೆ ತಾಗಬಾರದು, ಮಕ್ಕಳು ಅಂಟಿಸುವ ಗಂಜಿಗಂತೂ ಬೇಡವೇ ಬೇಡ. ನಾನು ಹಾಕುವುದಿಲ್ಲ.

ದೇವಸ್ಥಾನದ ಮುಂದಿನ ಹುಲ್ಲು ಮಾತ್ರ ನಿಜದ್ದು. ಸ್ವೀಟ್ ಬಾಕ್ಸಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಒಂದು ಬೆರಳು ಮಣ್ಣು ಹರಡಿ, ರಾತ್ರಿ ನೆನೆಸಿದ ರಾಗಿ ಚೆಲ್ಲಿ, ದಿನಾ ಕೈಯಲ್ಲಿ ನೀರು ಚಿಮುಕಿಸಿದರೆ ಸಾಕು. ಪಾಡ್ಯಕ್ಕೆ ಒಂದು ವಾರ ಇರುವಾಗ ಹಾಕಿದರೆ ಗೊಂಬೆ ಕೂರಿಸುವ ಹೊತ್ತಿಗೆ ಹಸಿರಾಗಿ ನಿಂತಿರುತ್ತದೆ. ಇದು ಅತ್ತೆಯ ವಿದ್ಯೆ, ನನ್ನದಲ್ಲ. ಇದಕ್ಕೂ ಮಡಚುವ ನಿಯಮ ಹಾಕಿದರೆ ಅವರು ನನ್ನನ್ನು ಸುಮ್ನೆ ಬಿಡುವುದಿಲ್ಲ.

ದೀಪಾವಳಿ ಹೊತ್ತಿಗೆ ನಮ್ಮ ಮನೆ ತುಂಬ ನೆಂಟರು. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ ಆಗಲೇ ತಾನೆ. ಬಂದವರು ಮೊದಲು ನೋಡುವುದು ಬಾಗಿಲ ತೋರಣ. ಮದುವೆ ಕಾರ್ಡುಗಳಿಂದ ಮಾವಿನ ಎಲೆ ಆಕಾರ ಕತ್ತರಿಸಿ, ಗೋಣಿ ದಾರಕ್ಕೆ ಪೋಣಿಸಿದ್ದು. ಕಾರ್ಡಿನ ಹೊಳೆಯುವ ಚಿನ್ನದ ಅಂಚು ಎಲೆಯ ನಡುವಿನ ನರ ಆಗುತ್ತದೆ. ಕಾರ್ಡಿನ ಮೇಲಿನ ಗಣಪತಿ ಚಿತ್ರವನ್ನು ಎಸೆಯೋಕೂ ಮನಸ್ಸಿಲ್ಲ, ಕಾಲಡಿ ಬೀಳಬಹುದು ಅಂತ ಭಯ. ಅದನ್ನು ನೀಟಾಗಿ ಕತ್ತರಿಸಿ ಮುಯ್ಯಿ ಕವರಿಗೆ ಅಂಟಿಸುತ್ತೇನೆ. ಮದುವೆ-ಮುಂಜಿ ಡಬ್ಬಿಯಲ್ಲಿ ಸದಾ ಒಂದಿಷ್ಟು ಕವರು ತಯಾರಿರುತ್ತವೆ. ಕೊನೇ ಗಳಿಗೆಯಲ್ಲಿ ಕವರಿಗೆ ಅಂಗಡಿಗೆ ಓಡುವ ಕೆಲಸ ನಮ್ಮನೆಯವರಿಗೆ ತಪ್ಪಿದೆ, ಅದಕ್ಕೇ ಅವರು ಈ ಡಬ್ಬಿಗಳ ಬಗ್ಗೆ ಚಕಾರ ಎತ್ತುವುದಿಲ್ಲ.

ಆಲೂಗಡ್ಡೆ ಗೋಣಿಗೆ ನಮ್ಮೂರಲ್ಲಿ ಬರವಿಲ್ಲ. ಎರಡು ಸಲ ಒಗೆದರೆ ಮಣ್ಣು ಹೋಗುತ್ತದೆ. ಕತ್ತರಿಸುವ ಗೆರೆಯ ಮೇಲೆ ಮೊದಲು ಫೆವಿಕಾಲ್ ಸವರಿ, ಒಣಗಿದ ಮೇಲೆ ಕತ್ತರಿ ಹಾಕಿ. ಆಗ ನೂಲು ಬಿಡುವುದಿಲ್ಲ.

ಮಾಡದೇ ಇರುವುದನ್ನೂ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಹೂವು ಮಾಡುವುದು, ಪ್ಲಾಸ್ಟಿಕ್ ಚಮಚದಲ್ಲಿ ನವಿಲು, ಎಲ್ಲದರ ಮೇಲೂ ಮಿನುಗು ಪುಡಿ. ಬಾಟಲಿ ಬಾಟಲಿಯಾಗೇ ಇದ್ದರೆ ಗುಜರಿಯವರು ತಗೊಳ್ಳುತ್ತಾರೆ. ಬಣ್ಣ ಬಳಿದು ಚೂರು ಮಾಡಿದ ಮೇಲೆ ಅದು ಯಾರಿಗೂ ಬೇಡ. ಮಿನುಗು ಪುಡಿ ಅನ್ನುವುದೂ ಹೆಚ್ಚಾಗಿ ಪ್ಲಾಸ್ಟಿಕ್ಕೇ.

ನವೆಂಬರ್‌ನಲ್ಲಿ ರಾಜ್ಯೋತ್ಸವದ ಹಳದಿ-ಕೆಂಪು ಕಾಗದವೂ ಒಳಗೆ ಹೋದ ಮೇಲೆ ಡಬ್ಬಿಗಳನ್ನೆಲ್ಲ ಒಮ್ಮೆ ತೆಗೆದು ನೋಡುತ್ತೇನೆ. ಈ ಸಲದ ಹಬ್ಬಕ್ಕೆ ಕೈ ತಾಗದ ಸಾಮಾನು ಹಳೇ ಪೇಪರ್ ಅಂಗಡಿಗೆ. ಹೊಳೆಯುವ ಹಾಳೆ ಅಂಟಿದ ಕಾರ್ಡುಗಳನ್ನು ಮೊದಲೇ ಬೇರೆ ಮಾಡಿ ಒಯ್ಯಿರಿ, ನಮ್ಮ ಅಂಗಡಿಯವರು ಅದನ್ನು ತೂಕಕ್ಕೆ ಹಾಕಿಕೊಳ್ಳುವುದಿಲ್ಲ.