ಮೋಟರ್‌ಹೋಮ್ ಫರ್ನೇಸ್ ಬರೀ ತಣ್ಣನೆ ಗಾಳಿ ಊದಿದಾಗ

ಫ್ಯಾನ್ ತಿರುಗುತ್ತದೆ, ಗಾಳಿ ಬರುತ್ತದೆ, ಆದರೆ ಬಿಸಿ ಇಲ್ಲ. ಮೋಟರ್‌ಹೋಮ್, ಅಂದರೆ ಮಲಗುವ, ಅಡುಗೆ ಮಾಡುವ ವ್ಯವಸ್ಥೆ ಇರುವ ಗಾಡಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ಚಳಿಗಾಲದಲ್ಲಿ ಇದು ಎದುರಾಗುತ್ತದೆ. ತುಂಬಾ ಜನ ತಕ್ಷಣ ಫರ್ನೇಸ್ (ಗ್ಯಾಸಿನಿಂದ ಗಾಡಿ ಬಿಸಿ ಮಾಡುವ ಹೀಟರ್) ನಡೆಸುವ ಹೊಸ ಸರ್ಕ್ಯೂಟ್ ಬೋರ್ಡ್ ತರಿಸಿಬಿಡುತ್ತಾರೆ. ದಯವಿಟ್ಟು ದುಡ್ಡು ಹಾಕುವ ಮೊದಲು ಸ್ವಲ್ಪ ಹೊತ್ತು ಫರ್ನೇಸ್ ಪಕ್ಕ ಕೂತು ಕೇಳಿ. ಅದರ ಕೆಲಸ ಎಲ್ಲಿ ನಿಂತಿತು ಅನ್ನೋದು ಸದ್ದಿನಲ್ಲೇ ತಿಳಿಯುತ್ತದೆ.

ನಮಗೆ ಇದು ಆದದ್ದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ದಕ್ಷಿಣ ಅಂಚಾದ ಸೌತ್ ರಿಮ್‌ನ ಮೇಥರ್ ಕ್ಯಾಂಪ್‌ಗ್ರೌಂಡ್‌ನಲ್ಲಿ, ನವೆಂಬರ್‌ನಲ್ಲಿ. ಅರಿಝೋನಾ ಅಂದರೆ ಬಿಸಿಲು, ಮರಳು ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ಸೌತ್ ರಿಮ್ ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತಲೂ ಮೇಲೆ. ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅಲ್ಲಿ ಗಾಡಿಗೆ ಕರೆಂಟ್ ಕೊಡುವ ವ್ಯವಸ್ಥೆ ಇಲ್ಲ, ರಾತ್ರಿ ಜನರೇಟರ್ ಹಾಕುವ ಹಾಗೂ ಇಲ್ಲ, ಹಾಗಾಗಿ ಎಲ್ಲವೂ ಬ್ಯಾಟರಿ ಮೇಲೇ ನಡೆಯಬೇಕು.

ಫರ್ನೇಸ್ ಸರಿ ಇದ್ದಾಗ ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಎಷ್ಟು ಬಿಸಿ ಬೇಕು ಅಂತ ಹೇಳುವ ಥರ್ಮೋಸ್ಟಾಟ್ ಏರಿಸಿದರೆ ಫ್ಯಾನ್ ಶುರುವಾಗುತ್ತದೆ. ಒಳಗೆ ಹಳೇ ಗ್ಯಾಸ್ ಉಳಿದಿದ್ದರೆ ಹೊರಗೆ ಹೋಗಲಿ ಅಂತ ಸುಮಾರು 15ರಿಂದ 20 ಸೆಕೆಂಡು ಬರೀ ಗಾಳಿ ಊದುತ್ತದೆ. ಆ ಗಾಳಿಯ ರಭಸಕ್ಕೆ ಸೇಲ್ ಸ್ವಿಚ್ ಅನ್ನೋ ಚಿಕ್ಕ ಸ್ವಿಚ್ ಒತ್ತಿಕೊಳ್ಳುತ್ತದೆ. ಜೊತೆಗೆ ಅತಿಯಾಗಿ ಕಾದರೆ ಕರೆಂಟ್ ತಡೆಯುವ ಲಿಮಿಟ್ ಸ್ವಿಚ್ ಕೂಡ ಸರಿ ಇದ್ದರೆ ಬೋರ್ಡಿಗೆ ಕರೆಂಟ್ ಹೋಗಿ, ಗ್ಯಾಸ್ ವಾಲ್ವ್ ಟಕ್ ಅಂತ ತೆರೆದು, ಒಲೆಯ ಲೈಟರ್ ಹಾಗೆ ಟಿಕ್ ಟಿಕ್ ಅಂತ ಕಿಡಿ ಬಂದು, ಭುಸ್ ಅಂತ ಬೆಂಕಿ ಹತ್ತುತ್ತದೆ. ಬೆಂಕಿ ಹತ್ತಿದ್ದು ಬೋರ್ಡಿಗೆ ಗೊತ್ತಾಗದಿದ್ದರೆ ಕೆಲವೇ ಸೆಕೆಂಡಿನಲ್ಲಿ ಗ್ಯಾಸ್ ಬಂದ್. ಆಮೇಲೆ ಥರ್ಮೋಸ್ಟಾಟ್ ಆರಿಸಿ ಮತ್ತೆ ಹಾಕಬೇಕು.

ನಮ್ಮದರಲ್ಲಿ ಫ್ಯಾನ್ ಬಂತು. ಟಕ್ ಇಲ್ಲ, ಟಿಕ್ ಟಿಕ್ ಇಲ್ಲ, ಬರೀ ಗಾಳಿ.

ಬೆಂಗಳೂರಿನಿಂದ ಭಾವ ಫೋನ್ ಮಾಡಿದ್ದಾಗ ವಿಷಯ ಹೇಳಿದೆ. "ಆ ಚಳಿಗೆ ಗ್ಯಾಸೇ ಗಟ್ಟಿಯಾಗಿರಬೇಕು ಕಣಯ್ಯ" ಅಂದರು. ಅವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ನಮ್ಮೂರಿನ ಅಡುಗೆ ಸಿಲಿಂಡರಿನಲ್ಲಿ ಬ್ಯೂಟೇನ್ ಕೂಡ ಇರುತ್ತದೆ, ಅದು ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ಕಷ್ಟ. ಅಮೆರಿಕದಲ್ಲಿ ಗಾಡಿಗೆ ತುಂಬಿಸುವುದು ಹೆಚ್ಚೂಕಡಿಮೆ ಪೂರ್ತಿ ಪ್ರೊಪೇನ್. ಅದು ಮೈನಸ್ 42 ಡಿಗ್ರಿವರೆಗೂ ಆವಿಯಾಗುತ್ತದೆ. ಆದರೂ ಗ್ಯಾಸ್ ಬರುತ್ತಿದೆಯಾ ಅಂತ ನೋಡಲೇಬೇಕು. ಅದಕ್ಕೆ ಸುಲಭದ ದಾರಿ ಒಲೆ. "ರೀ, ಉರಿ ನೀಲಿಯಾಗೇ ಇದೆ, ಜೋರಾಗೂ ಇದೆ" ಅಂದಳು ನನ್ನ ಹೆಂಡತಿ. ತಕ್ಷಣ ಆರಿಸಿದೆವು. ಎಷ್ಟೇ ಚಳಿ ಇರಲಿ, ಒಲೆ ಉರಿಸಿಕೊಂಡು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಮುಂದಿನ ಅನುಮಾನ ಬ್ಯಾಟರಿ. ಫ್ಯಾನ್ ತಿರುಗಿದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತಲ್ಲ. ವೋಲ್ಟೇಜ್ 11ರ ಕೆಳಗೆ ಬಿದ್ದರೂ ಫ್ಯಾನ್ ತಿರುಗುತ್ತದೆ, ಆದರೆ ನಿಧಾನ. ಆ ಗಾಳಿ ಸೇಲ್ ಸ್ವಿಚ್ ಒತ್ತಲು ಸಾಲದು. ಅಳೆಯುವುದು ಫ್ಯಾನ್ ಓಡುತ್ತಿರುವಾಗ, ಫರ್ನೇಸ್‌ನ ವೈರ್ ಹತ್ತಿರವೇ. ಫ್ಯಾನ್ ನಿಂತಾಗ ಬ್ಯಾಟರಿ ಮೇಲೆ ಅಳೆದ ಸಂಖ್ಯೆ ನಂಬಬೇಡಿ. ಆ ರಾತ್ರಿ ಕಂಬಳಿ ಹೊದ್ದು ಕಳೆದು, ಬೆಳಿಗ್ಗೆ ಜನರೇಟರ್ ಹಾಕಿ ಅಳೆದೆ. ಫ್ಯಾನ್ ಓಡುವಾಗಲೂ 13 ವೋಲ್ಟ್ ಮೇಲೇ ಇತ್ತು, ಆದರೂ ಬೆಂಕಿ ಇಲ್ಲ. ಅಲ್ಲಿಗೆ ಬ್ಯಾಟರಿ ಲೆಕ್ಕದಿಂದ ಹೊರಗೆ.

ಉಳಿದದ್ದು ಸೇಲ್ ಸ್ವಿಚ್ ಮತ್ತು ಲಿಮಿಟ್ ಸ್ವಿಚ್. ನಮ್ಮ ಫರ್ನೇಸ್‌ನಲ್ಲಿ ಹೊರಗಿನ ಮುಚ್ಚಳ ತೆಗೆದರೆ ಇವು ಕೈಗೆ ಸಿಗುತ್ತವೆ. ಕೆಲವದರಲ್ಲಿ ಇಡೀ ಫರ್ನೇಸನ್ನೇ ಒಳಗಿನಿಂದ ಎಳೆಯಬೇಕು, ಗ್ಯಾಸ್ ಪೈಪೂ ಬಿಚ್ಚಬೇಕಾಗುತ್ತದೆ. ಆ ಅಭ್ಯಾಸ ಇಲ್ಲದಿದ್ದರೆ ಅದನ್ನು ಮೆಕ್ಯಾನಿಕ್‌ಗೇ ಬಿಡಿ. ಮಲ್ಟಿಮೀಟರಿನ ಕಪ್ಪು ತುದಿ ಬ್ಯಾಟರಿ ನೆಗೆಟಿವ್‌ಗೆ ಇಟ್ಟು, ಫ್ಯಾನ್ ಓಡುತ್ತಿರುವಾಗ ಕೆಂಪು ತುದಿಯನ್ನು ಸೇಲ್ ಸ್ವಿಚ್‌ನ ಎರಡೂ ಕಾಲಿಗೆ ಮುಟ್ಟಿಸಿದೆ. ಒಂದು ಕಡೆ ವೋಲ್ಟೇಜ್ ಇದೆ, ಇನ್ನೊಂದು ಕಡೆ ಸೊನ್ನೆ. ಸ್ವಿಚ್ ಒತ್ತಿಕೊಳ್ಳುತ್ತಿಲ್ಲ, ಅಷ್ಟೇ.

ಇಲ್ಲಿ ಕೆಲವರು ಆ ಎರಡು ವೈರ್ ಸೇರಿಸಿ ಓಡಿಸಿಬಿಡುತ್ತಾರೆ. ನನಗೆ ಇದು ಸುತರಾಂ ಒಪ್ಪಿಗೆ ಇಲ್ಲ. ಗಾಳಿ ಸಾಲದೆ ಬೆಂಕಿ ಹತ್ತಿದರೆ ಒಳಗಿನ ಲೋಹದ ಗೂಡು ಕಾದು ಬಿರುಕು ಬಿಡಬಹುದು, ಆಗ ಹೊಗೆ ನೇರ ಮಲಗುವ ಜಾಗಕ್ಕೇ ಬರುತ್ತದೆ. ಅದನ್ನು ತಡೆಯಲೆಂದೇ ಆ ಸ್ವಿಚ್ ಇಟ್ಟಿರುವುದು.

ಥರ್ಮೋಸ್ಟಾಟ್ ಆರಿಸಿ, ಗ್ಯಾಸ್ ಮುಚ್ಚಿ, ಫರ್ನೇಸ್‌ನ ಫ್ಯೂಸ್ ತೆಗೆದು, ಎರಡು ಸ್ಕ್ರೂ ಬಿಚ್ಚಿ ಸ್ವಿಚ್ ಹೊರತೆಗೆದೆ. ತೆಳ್ಳನೆ ಎಲೆಯೊಂದು ಗಾಳಿಗೆ ಅಡ್ಡ ನಿಲ್ಲುತ್ತದೆ, ಅದರ ಬುಡದಲ್ಲಿ ಸ್ವಿಚ್. ಆ ಬುಡಕ್ಕೆ ಕಂಬಳಿಯ ನಾರು ಮತ್ತು ಬಿಳಿ ಕೂದಲು ಬಿಗಿಯಾಗಿ ಸುತ್ತಿಕೊಂಡು ಎಲೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ನಾವು ನಾಯಿ ಸಾಕಿಲ್ಲ. ಗಾಡಿ ಸೆಕೆಂಡ್ ಹ್ಯಾಂಡ್, ಮೊದಲಿನವರ ಬಳಿ ಇದ್ದಿರಬೇಕು. ಚಿಮಟದಲ್ಲಿ ಒಂದೊಂದೇ ಎಳೆ ಬಿಡಿಸಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದೆ. ಬೆರಳಿನಿಂದ ಎಲೆ ಒತ್ತಿದಾಗ ಮಲ್ಟಿಮೀಟರ್ ಬೀಪ್ ಅಂದಿತು, ಬಿಟ್ಟಾಗ ನಿಂತಿತು. ಮತ್ತೆ ಜೋಡಿಸಿ ಥರ್ಮೋಸ್ಟಾಟ್ ಏರಿಸಿದೆ. ಫ್ಯಾನ್, ಟಕ್, ಟಿಕ್ ಟಿಕ್, ಭುಸ್. ಮಗಳು ನೆಲದ ಜಾಲರಿ ಮೇಲೆ ಕಾಲಿಟ್ಟುಕೊಂಡು ಕೂತವಳು ತಿಂಡಿಗೆ ಕರೆದರೂ ಏಳಲಿಲ್ಲ. ಪ್ರವಾಸ ಮುಗಿಸಿ ಮನೆಗೆ ಬಂದ ಮೇಲೆ ಸ್ವಿಚ್ಚನ್ನೇ ಹೊಸದು ಹಾಕಿದೆ, ಅದು ಬೋರ್ಡಿಗಿಂತ ತುಂಬಾ ಅಗ್ಗ.

ನಿಮ್ಮದರಲ್ಲಿ ಟಿಕ್ ಟಿಕ್ ಕೇಳಿಸಿಯೂ ಬೆಂಕಿ ಹತ್ತದಿದ್ದರೆ ದಾರಿ ಬೇರೆ. ಆಗ ಟ್ಯಾಂಕ್, ರೆಗ್ಯುಲೇಟರ್, ಗ್ಯಾಸ್ ವಾಲ್ವ್, ಕಿಡಿ ಹಾರಿಸುವ ಕಡ್ಡಿಗಳ ನಡುವಿನ ಸಂದು ನೋಡಬೇಕು. ಟ್ಯಾಂಕಿನ ವಾಲ್ವ್ ನಿಧಾನಕ್ಕೆ ತಿರುಗಿಸಿ. ಗಬಕ್ಕನೆ ತೆರೆದರೆ ಒಳಗಿನ ಸುರಕ್ಷತಾ ವಾಲ್ವ್ ಸೋರಿಕೆ ಅಂದುಕೊಂಡು ಗ್ಯಾಸ್ ತಡೆಯುತ್ತದೆ. ಹೊರಗಿನ ಹೊಗೆ ಕೊಳವೆಯೊಳಗೂ ಟಾರ್ಚ್ ಬಿಟ್ಟು ನೋಡಿ, ಕಣಜಗಳು ಅಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ. ಮತ್ತೆ ಹಚ್ಚುವ ಮೊದಲು ಕಾರ್ಬನ್ ಮೊನಾಕ್ಸೈಡ್ ಅಲಾರಂನ ಬಟನ್ ಒತ್ತಿ, ಹಿಂಬದಿಯ ತಾರೀಖು ಓದಿ. ಅವಧಿ ಮುಗಿದಿದ್ದರೆ ಮೊದಲು ಅದನ್ನು ಬದಲಾಯಿಸಿ, ಫರ್ನೇಸ್ ಆಮೇಲೆ.