ಸೆಕ್ಸ್ ಟಾಯ್ ಕೊಳ್ಳುವ ಮುನ್ನ: ಮೊದಲು ವಸ್ತು ನೋಡಿ, ಆಮೇಲೆ ಬೆಲೆ

ವೈಬ್ರೇಟರ್‌ನಂಥ ಸೆಕ್ಸ್ ಟಾಯ್ ಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಆದರೆ ಕೊಳ್ಳುವ ರೀತಿ ಮಾತ್ರ ಇನ್ನೂ ಕದ್ದುಮುಚ್ಚಿ. ಮೊಬೈಲಿನಲ್ಲಿ ಗಡಿಬಿಡಿಯಿಂದ ಚಿತ್ರ ನೋಡಿ, ಅಗ್ಗ ಅನ್ನಿಸಿದ್ದನ್ನು ಆರ್ಡರ್ ಮಾಡಿ, ಹಿಸ್ಟರಿ ಅಳಿಸಿಬಿಡುತ್ತಾರೆ. ಸೀರೆ ಕೊಳ್ಳುವಾಗ ಬಟ್ಟೆ ಮುಟ್ಟಿ, ಬಣ್ಣ ಬಿಡುತ್ತಾ ಅಂತ ಹತ್ತು ಸಲ ಕೇಳುವ ನಾವು, ಮೈಯ ಅತಿ ನಾಜೂಕಾದ ಜಾಗಕ್ಕೆ ತಾಗುವ ವಸ್ತುವಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಉರಿ, ಸೋಂಕು, ಗಾಯ ಆದಮೇಲೂ ಯಾರಿಗೂ ಹೇಳುವುದಿಲ್ಲ. ನಾಚಿಕೆ ಇರಲಿ, ಅವಸರ ಬೇಡ. ಕೊಳ್ಳುವ ಮುನ್ನ ಅರ್ಧ ಗಂಟೆ ಕೊಡಿ.

ಮೊದಲ ಹೆಜ್ಜೆ: ಯಾತಕ್ಕೆ ಅಂತ ಗೊತ್ತುಮಾಡಿಕೊಳ್ಳಿ

ಒಬ್ಬರೇ ಬಳಸಲಿಕ್ಕೋ, ಗಂಡ ಹೆಂಡತಿ ಸೇರಿ ಬಳಸಲಿಕ್ಕೋ? ಹೊರಗಿನ ಸ್ಪರ್ಶಕ್ಕೋ, ಒಳಗೆ ಸೇರಿಸಲಿಕ್ಕೋ? ಹೆಚ್ಚಿನ ಹೆಂಗಸರಿಗೆ ಸುಖದ ಕೇಂದ್ರ ಯೋನಿಯ ಒಳಗಲ್ಲ, ಹೊರಗಡೆ ಯೋನಿದ್ವಾರಕ್ಕಿಂತ ಮೇಲೆ ಇರುವ ಭಗಾಂಕುರ (ಕ್ಲಿಟೊರಿಸ್). ಆದ್ದರಿಂದ ಮೊದಲ ಸಲ ಕೊಳ್ಳುವವರಿಗೆ ಹೊರಗಡೆ ಬಳಸುವ ಚಿಕ್ಕ ವೈಬ್ರೇಟರ್ ಸಾಕು. ದೊಡ್ಡದು ಒಳ್ಳೆಯದು ಅನ್ನುವ ನಂಬಿಕೆ ಬಿಟ್ಟುಬಿಡಿ. ಒಳಗೆ ಬಳಸುವುದಾದರೆ ಎರಡು ಬೆರಳಿನ ದಪ್ಪಕ್ಕಿಂತ ಜಾಸ್ತಿ ಬೇಡ. ಅಳತೆಯನ್ನು ಚಿತ್ರದಲ್ಲಿ ಅಂದಾಜು ಮಾಡಬೇಡಿ. ವಿವರದಲ್ಲಿ ಸೆಂಟಿಮೀಟರ್ ಓದಿ, ಸ್ಕೇಲ್ ಇಟ್ಟು ನೋಡಿ.

ಜೋಡಿಯಾಗಿ ಬಳಸುವುದಾದರೆ ಆರ್ಡರ್ ಮಾಡುವ ಮೊದಲೇ ಮಾತಾಡಿ. ತಂದು ಎದುರಿಗಿಟ್ಟ ಮೇಲೆ ಬೇಡ ಅನ್ನುವುದು ಅನೇಕರಿಗೆ ಕಷ್ಟ. ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಆ ಮಾತು ಅಲ್ಲಿಗೇ ನಿಲ್ಲಬೇಕು.

ಎರಡನೇ ಹೆಜ್ಜೆ: ಯಾವ ವಸ್ತುವಿನಿಂದ ಮಾಡಿದ್ದು ನೋಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕುಕ್ಕರ್‌ಗೆ, ಹೆಲ್ಮೆಟ್‌ಗೆ ಐಎಸ್‌ಐ ಗುರುತು ಕಡ್ಡಾಯ. ಸೆಕ್ಸ್ ಟಾಯ್‌ಗೆ ನಮ್ಮಲ್ಲಿ ಅಂಥ ಕಡ್ಡಾಯ ಗುರುತು ಇಲ್ಲ. 2021ರಲ್ಲಿ ಐಎಸ್‌ಒ 3533 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಗುಪ್ತಾಂಗಕ್ಕೆ, ಗುದದ್ವಾರಕ್ಕೆ ತಾಗುವ ಇಂಥ ವಸ್ತುಗಳ ವಿನ್ಯಾಸ ಮತ್ತು ಸುರಕ್ಷತೆ ಹೇಗಿರಬೇಕು ಅಂತ ಅದು ಹೇಳುತ್ತದೆ. ಅದನ್ನು ಪಾಲಿಸಿದ್ದೇವೆ ಅಂತ ಬರೆದ ಕಂಪನಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಪರೀಕ್ಷೆಯ ಕೆಲಸ ನಿಮ್ಮದೇ.

ಕೊಳ್ಳಬಹುದಾದ್ದು ನಾಲ್ಕು: ಪೂರ್ತಿ ಸಿಲಿಕೋನ್, ಸ್ಟೇನ್‌ಲೆಸ್ ಸ್ಟೀಲ್, ಬೋರೋಸಿಲಿಕೇಟ್ ಗಾಜು, ಗಟ್ಟಿಯಾದ ಎಬಿಎಸ್ ಪ್ಲಾಸ್ಟಿಕ್. ಇವುಗಳ ಮೈಯಲ್ಲಿ ರಂಧ್ರಗಳಿಲ್ಲ, ತೊಳೆದರೆ ಚೊಕ್ಕಟವಾಗುತ್ತವೆ. ಮೆತ್ತಗೆ, ಅಂಟಂಟಾಗಿ, ಬಣ್ಣಬಣ್ಣವಾಗಿ ಸಿಗುವ 'ಜೆಲ್ಲಿ' ಮತ್ತು ಪಿವಿಸಿ ಮಾಲು ಬೇಡ. ಪಿವಿಸಿಯನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಎಂಬ ರಾಸಾಯನಿಕ ಸೇರಿಸುವುದುಂಟು. ಅದು ಪ್ಲಾಸ್ಟಿಕ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ನಿಧಾನವಾಗಿ ಹೊರಗೆ ಬರುತ್ತದೆ. ಕೆಲವು ಥ್ಯಾಲೇಟ್‌ಗಳು ದೇಹದ ಹಾರ್ಮೋನ್‌ಗೆ ಅಡ್ಡಿ ಮಾಡುತ್ತವೆ. ಯುರೋಪಿಯನ್ ಒಕ್ಕೂಟ 2020ರ ಜುಲೈನಿಂದ ಅಂಥ ನಾಲ್ಕು ಥ್ಯಾಲೇಟ್‌ಗಳಿಗೆ ಬಹುತೇಕ ಗ್ರಾಹಕ ವಸ್ತುಗಳಲ್ಲಿ ಶೇ 0.1ರ ಮಿತಿ ಹಾಕಿದೆ.

ಟಿಪಿಇ, ಟಿಪಿಆರ್ (ರಬ್ಬರಿನಂಥ ಮೆತ್ತನೆಯ ಪ್ಲಾಸ್ಟಿಕ್) ಅಂತ ಬರೆದಿದ್ದರೆ? ಇವುಗಳಲ್ಲಿ ಥ್ಯಾಲೇಟ್ ಇಲ್ಲದಿರಬಹುದು. ಆದರೆ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಎಷ್ಟು ತೊಳೆದರೂ ಒಳಗೆ ತೇವ, ಕೀಟಾಣು ಉಳಿಯುತ್ತವೆ. ಈಗಾಗಲೇ ಕೊಂಡಿದ್ದರೆ ಪ್ರತಿ ಸಲ ಕಾಂಡೋಮ್ ಹಾಕಿ ಬಳಸಿ, ಇನ್ನೊಬ್ಬರಿಗೆ ಕೊಡಬೇಡಿ. 'ಸಿಲಿಕೋನ್ ಮಿಶ್ರಣ' ಅಂತ ಬರೆದಿದ್ದರೆ ನಂಬಬೇಡಿ, ಪೂರ್ತಿ ಸಿಲಿಕೋನ್ ಅಂತಲೇ ಇರಬೇಕು. ಬಾಕ್ಸ್ ತೆರೆದಾಗ ಹೊಸ ರೆಕ್ಸಿನ್‌ನಂಥ ಘಾಟು ಹೊಡೆದರೆ, ಮುಟ್ಟಿದರೆ ಎಣ್ಣೆ ಎಣ್ಣೆ ಅನ್ನಿಸಿದರೆ ಬಳಸಲೇಬೇಡಿ. ದುಡ್ಡು ಹೋಯಿತಲ್ಲ ಅಂತ ಸಂಕಟವಾಗುತ್ತದೆ ನಿಜ, ಆದರೂ ಎಸೆಯಿರಿ.

ಮೂರನೇ ಹೆಜ್ಜೆ: ಆಕಾರ ಮತ್ತು ಮೋಟಾರು

ಯೋನಿಯ ದಾರಿ ಗರ್ಭಕಂಠದ ಬಳಿ ಮುಗಿಯುತ್ತದೆ. ಗುದದ್ವಾರದ ದಾರಿ ಹಾಗಲ್ಲ, ಅದು ಕರುಳಿಗೆ ತೆರೆದುಕೊಂಡಿದೆ. ಗುದದ್ವಾರದ ಸ್ನಾಯು ಬಿಗಿಯಾದರೆ ವಸ್ತು ಒಳಗೆ ಎಳೆದುಕೊಂಡು ಹೋಗಬಹುದು. ಹಾಗಾಗಿ ಅಲ್ಲಿ ಬಳಸುವುದಕ್ಕೆ ಅಗಲವಾದ ತಳ ಇರಲೇಬೇಕು. ಮನೆಯಲ್ಲಿ ಸಿಕ್ಕ ಬಾಟಲಿ, ತರಕಾರಿಯ ಪ್ರಯೋಗ ಖಂಡಿತ ಬೇಡ.

ಅಂಚಿನ ಮೇಲೆ ಬೆರಳು ಆಡಿಸಿ ನೋಡಿ. ಜೋಡಿಸಿದ ಜಾಗದಲ್ಲಿ ಚೂಪು ಗೆರೆ ಇದ್ದರೆ ಕೆರೆಯುತ್ತದೆ. ಕಂಪನ ಜಾಸ್ತಿ ಕಡಿಮೆ ಮಾಡುವಂತಿರಲಿ. ಐಪಿಎಕ್ಸ್7 ಅಂತ ಇದ್ದರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅರ್ಥ, ತೊಳೆಯಲು ಭಯವಿಲ್ಲ. ಚಾರ್ಜ್‌ಗೆ ಹಾಕಿಕೊಂಡೇ ಬಳಸಬೇಡಿ. ಗಂಡಸರು ಶಿಶ್ನಕ್ಕೆ ಹಾಕುವ ರಿಂಗ್ ಹಿಗ್ಗುವಂಥದ್ದಿರಲಿ, 30 ನಿಮಿಷದೊಳಗೆ ತೆಗೆಯಿರಿ. ನೋವು ಬಂದರೆ, ಮರಗಟ್ಟಿದರೆ ತಕ್ಷಣ ತೆಗೆಯಬೇಕು.

ಲ್ಯೂಬ್ (ಜಾರಲು ಹಚ್ಚುವ ದ್ರವ) ಮರೆಯಬೇಡಿ

ಬಾಣಂತನದಲ್ಲಿ, ಎದೆಹಾಲು ಕೊಡುವಾಗ, ಮುಟ್ಟು ನಿಂತ ಮೇಲೆ ಯೋನಿ ಒಣಗುವುದು ಸಹಜ. ಗುದದಲ್ಲಂತೂ ತಾನಾಗಿ ಜಾರುವಷ್ಟು ಪಸೆ ಇರುವುದೇ ಇಲ್ಲ. ನೀರು ಆಧಾರಿತ ಲ್ಯೂಬ್ ಎಲ್ಲ ಟಾಯ್‌ಗೂ ಹೊಂದುತ್ತದೆ. ಸಿಲಿಕೋನ್ ಲ್ಯೂಬ್ ಸಿಲಿಕೋನ್ ಟಾಯ್‌ನ ಮೈಯನ್ನು ಹಾಳುಮಾಡಬಹುದು. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ, ಅಲ್ವಾ? ಅದು ಲ್ಯಾಟೆಕ್ಸ್ ಕಾಂಡೋಮ್ ಅನ್ನು ದುರ್ಬಲ ಮಾಡುತ್ತದೆ, ಹರಿಯುವ ಸಂಭವ ಜಾಸ್ತಿ. ಬಿಸಿ, ತಂಪು, ಹಣ್ಣಿನ ಪರಿಮಳ ಅಂತ ಬರುವ ಲ್ಯೂಬ್ ಕೆಲವರಿಗೆ ಉರಿ ತರುತ್ತದೆ. ಮುಂಗೈಗೆ ಹಚ್ಚಿ ಒಂದು ದಿನ ನೋಡಿ, ಆಮೇಲೆ ಬಳಸಿ.

ಎಲ್ಲಿ ಕೊಳ್ಳುವುದು?

ವಿಳಾಸ, ವಾಪಸಾತಿ ನಿಯಮ, ವಸ್ತುವಿನ ಪೂರ್ತಿ ವಿವರ ಹಾಕಿರುವ ಮಾರಾಟಗಾರರಿಂದ ಕೊಳ್ಳಿ. 'ಪರ್ಸನಲ್ ಮಸಾಜರ್' ಎಂಬ ಹೆಸರಲ್ಲಿ ಬಹಳಷ್ಟು ಸಿಗುತ್ತವೆ. ಹೊರಗೆ ಏನೂ ಬರೆಯದ ಬಾಕ್ಸ್‌ನಲ್ಲಿ ಕಳಿಸುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ. ವಿದೇಶದಿಂದ ತರಿಸಿದರೆ ಕಸ್ಟಮ್ಸ್‌ನಲ್ಲಿ ನಿಲ್ಲುವ ಸಾಧ್ಯತೆ ಇದೆ. ಬಾಡಿ ಮಸಾಜರ್ ಅನ್ನು ನಿಷೇಧಿತ ವಸ್ತು ಅಂತ ತಡೆಯುವಂತಿಲ್ಲ ಎಂದು 2024ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದೆ, ಆದರೂ ಇಲ್ಲೇ ಸಿಗುವುದನ್ನು ಕೊಂಡರೆ ತಲೆನೋವು ಕಡಿಮೆ. ಬೇರೆಯವರು ಬಳಸಿದ್ದನ್ನು ಯಾವ ಬೆಲೆಗೂ ಕೊಳ್ಳಬೇಡಿ.

ತೊಳೆಯುವುದು, ಇಡುವುದು

ಬಳಸುವ ಮೊದಲೂ ಬಳಸಿದ ಮೇಲೂ ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಮೃದು ಸೋಪು ಸಾಕು. ಮೋಟಾರು ಇಲ್ಲದ ಸಿಲಿಕೋನ್, ಸ್ಟೀಲ್ ಆದರೆ ಕೆಲವು ನಿಮಿಷ ಕುದಿಸಬಹುದು. ಪೂರ್ತಿ ಒಣಗಿಸಿ ಹತ್ತಿ ಬಟ್ಟೆಯ ಚೀಲದಲ್ಲಿಡಿ. ಗುದದಲ್ಲಿ ಬಳಸಿದ್ದನ್ನು ತೊಳೆಯದೆ ಯೋನಿಗೆ ತಾಗಿಸಬಾರದು, ಸೋಂಕು ಹತ್ತುವುದು ಹೀಗೇ. ಒಂದೇ ಟಾಯ್ ಇಬ್ಬರು ಬಳಸುವಾಗ ಅದಕ್ಕೆ ಕಾಂಡೋಮ್ ಹಾಕಿ, ನಡುವೆ ಅದನ್ನು ಬದಲಿಸಿ.

ವೈದ್ಯರನ್ನು ಕೇಳಬೇಕಾದವರು

ಗರ್ಭಿಣಿಯರು, ಹೆರಿಗೆ ಅಥವಾ ಆಪರೇಷನ್ ಆಗಿ ಇನ್ನೂ ಮಾಯದವರು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ಕೇಳಿ. ಪೇಸ್‌ಮೇಕರ್ ಇದ್ದವರು ಮ್ಯಾಗ್ನೆಟ್ ಚಾರ್ಜರ್ ಅನ್ನು ಎದೆಯಿಂದ 15 ಸೆಂಟಿಮೀಟರ್ ಆದರೂ ದೂರ ಇಡಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಗಾಯ ಆದದ್ದೇ ಗೊತ್ತಾಗದಿರಬಹುದು, ಅವರು ಕಡಿಮೆ ಕಂಪನದಲ್ಲೇ ಬಳಸಲಿ.

ರಕ್ತ, ಕೆಟ್ಟ ವಾಸನೆಯ ಸ್ರಾವ, ಎರಡು ದಿನ ದಾಟಿದ ಉರಿ ಕಂಡರೆ ಸ್ತ್ರೀರೋಗ ತಜ್ಞರನ್ನೋ ಚರ್ಮರೋಗ ತಜ್ಞರನ್ನೋ ನೋಡಿ. ಏನಾದರೂ ಒಳಗೆ ಸಿಕ್ಕಿಕೊಂಡರೆ ಚಮಚ, ಚಿಮಟ ಹಾಕಿ ತೆಗೆಯಲು ಹೋಗಬೇಡಿ, ಭೇದಿ ಮಾತ್ರೆಯೂ ಬೇಡ. ನೇರ ಎಮರ್ಜೆನ್ಸಿಗೆ ಹೋಗಿ. ವಸ್ತು ಏನು, ಎಷ್ಟು ಉದ್ದ, ಬ್ಯಾಟರಿ ಇದೆಯೋ ಇಲ್ಲವೋ ಅಂತ ಮುಚ್ಚಿಡದೆ ಹೇಳಿ. ಅದು ಗೊತ್ತಾದರೆ ಡಾಕ್ಟರಿಗೆ ತೆಗೆಯುವುದು ಸುಲಭ, ನಿಮಗೆ ನೋವೂ ಕಡಿಮೆ.