ಟುಟಾಂಖಾಮನ್ ಮನೆತನದ ವಂಶವೃಕ್ಷ ಬರೆಯುವುದು ಹೇಗೆ? ಅಮ್ಮನಿಂದ ಶುರು ಮಾಡಿ

ಪೆನ್ಸಿಲ್ ತಗೊಳ್ಳಿ. ಸ್ಕೆಚ್ ಪೆನ್ ಬೇಡವೇ ಬೇಡ.

ಅಕ್ಕನ ಮಗಳಿಗೆ ಶಾಲೆಯಲ್ಲಿ ಈಜಿಪ್ಟಿನ ರಾಜರ ವಂಶವೃಕ್ಷ ಬರೆದು ತರಲು ಹೇಳಿದ್ದರು. ಮಡಿಕೇರಿಯ ಜುಲೈ ಮಳೆ, ಮೂರು ದಿನದಿಂದ ಕರೆಂಟಿಲ್ಲ, ಮೇಣದಬತ್ತಿ ಹಚ್ಚಿಕೊಂಡು ಕೂತು ನಾನು ದೊಡ್ಡ ತಿಳಿದವನ ಹಾಗೆ ಅಪ್ಪ, ಅಪ್ಪನ ಕೆಳಗೆ ಮಗ, ಮಗನ ಕೆಳಗೆ ಮೊಮ್ಮಗ ಅಂತ ಕಪ್ಪು ಗೆರೆ ಎಳೆದುಕೊಂಡು ಹೋದೆ. ನಾಲ್ಕನೇ ಹೆಸರಿಗೇ ಸಿಕ್ಕು. ಎರಡು ಚಾರ್ಟ್ ಹಾಳಾದ ಮೇಲೆ ಹಳೆ ಕ್ಯಾಲೆಂಡರಿನ ಹಿಂಭಾಗಕ್ಕೆ ಇಳಿದೆವು. ಆ ರಾತ್ರಿ ತಪ್ಪು ಮಾಡಿ ಕಲಿತದ್ದು ಇದು.

ಮೊದಲು, ಪೂರ್ತಿ ಮೂರು ಸಾವಿರ ವರ್ಷ ಬರೆಯಲು ಹೋಗಬೇಡಿ. ಮೂವತ್ತು ರಾಜವಂಶಗಳಿವೆ. ಹೀಗೆ ವಂಶ ಲೆಕ್ಕ ಹಾಕಿ ಇಟ್ಟವನು ಮನೆಥೋ ಎಂಬ ಪೂಜಾರಿ, ಅದೂ ಕ್ರಿ.ಪೂ. 3ನೇ ಶತಮಾನದಲ್ಲಿ, ಅಂದರೆ ಆ ರಾಜರೆಲ್ಲ ಸತ್ತು ಎಷ್ಟೋ ಕಾಲವಾದ ಮೇಲೆ. ನೀವು 18ನೇ ವಂಶ ಒಂದನ್ನೇ ಹಿಡಿಯಿರಿ. ಕ್ರಿ.ಪೂ. 1550ರ ಸುಮಾರಿಗೆ ಶುರುವಾಗಿ ಎರಡೂವರೆ ಶತಮಾನ ನಡೆದದ್ದು. ಹ್ಯಾಟ್‌ಶೆಪ್ಸುಟ್, ನೆಫರ್ಟಿಟಿ, ಟುಟಾಂಖಾಮನ್, ಹೆಸರು ಕೇಳಿದವರೆಲ್ಲ ಅದರಲ್ಲೇ ಸಿಗುತ್ತಾರೆ.

ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತದೆ, ಅದನ್ನು ಕೇಳಿದ ಕೂಡಲೇ ಯಾವ ಐನ್‌ಮನೆಯವರು, ಯಾವ ಮೂಲಮನೆಯವರು ಅಂತ ಗೊತ್ತಾಗಿಬಿಡುತ್ತದೆ. ಈಜಿಪ್ಟಿನಲ್ಲಿ ಮನೆ ಹೆಸರೇ ಇಲ್ಲ. ಥುತ್‌ಮೋಸ್ ಅಂತ ನಾಲ್ಕು ರಾಜರು, ಅಮೆನ್‌ಹೋಟೆಪ್ ಅಂತ ನಾಲ್ಕು. ಒಂದನೆಯವ, ಎರಡನೆಯವ ಅನ್ನುವ ನಂಬರು ಈಗಿನ ಪಂಡಿತರು ಕೊಟ್ಟದ್ದು. ನಾವು ಕೊಡಗಿನ ರಾಜರನ್ನು ದೊಡ್ಡ ವೀರರಾಜೇಂದ್ರ, ಚಿಕ್ಕ ವೀರರಾಜೇಂದ್ರ ಅನ್ನುವುದಿಲ್ವಾ, ಹಾಗೆ. ಪಟ್ಟವೇರಿದಾಗ ಒಬ್ಬೊಬ್ಬ ರಾಜನೂ ಬೇರೆ ಹೆಸರು ತೆಗೆದುಕೊಳ್ಳುತ್ತಿದ್ದ, ಅವನು ಯಾರೆಂದು ತಿಳಿಯುವುದು ಆ ಹೆಸರಿನಿಂದಲೇ. ಸಂಬಂಧದ ಮಾತನ್ನಂತೂ ಪೂರ್ತಿ ನಂಬಬೇಡಿ. ಮಗ ಅನ್ನುವ ಪದವೇ ಮೊಮ್ಮಗನಿಗೂ ನಡೆಯುತ್ತಿತ್ತು, ಅಪ್ಪ ಅಂದರೆ ಅಜ್ಜನೂ ಇರಬಹುದು. ಆ 18ನೇ ವಂಶದ ಕಾಲದಲ್ಲಿ ಗಂಡ ಹೆಂಡತಿಯನ್ನು ಪ್ರೀತಿಯಿಂದ ತಂಗಿ ಅಂತ ಕರೆಯುವುದೂ ಇತ್ತು, ಅದು ಓದಿ ಎಲ್ಲರೂ ತಂಗಿಯನ್ನೇ ಮದುವೆಯಾದರು ಅಂದುಕೊಳ್ಳಬೇಡಿ. ಹಾಗಾದದ್ದು ಮುಖ್ಯವಾಗಿ ಅರಮನೆಯಲ್ಲಿ. ಅಲ್ಲೂ ಎಲ್ಲರದ್ದೂ ಅಲ್ಲ.

ಈಗ ಮುಖ್ಯ ಕೆಲಸ. ಪ್ರತಿ ರಾಜನ ಹೆಸರಿನ ಪಕ್ಕ ಅಪ್ಪನ ಹೆಸರು ಬರೆಯುವ ಮೊದಲು ಅಮ್ಮನ ಹೆಸರು ಬರೆಯಿರಿ, ಆಮೇಲೆ ಅವಳಿಗೆ ಯಾವ ಬಿರುದು ಇದೆ ನೋಡಿ. ರಾಜನ ಮಗಳು, ರಾಜನ ಹೆಂಡತಿ, ರಾಜನ ತಾಯಿ, ಹೀಗೆ ಬಿರುದುಗಳಿರುತ್ತವೆ. ಅರ್ಧ ಕಥೆ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಒಂದನೇ ಥುತ್‌ಮೋಸನನ್ನೇ ತಗೊಳ್ಳಿ. ಅವನ ಅಮ್ಮ ಸೆನಿಸೆನೆಬ್. ಅವಳಿಗೆ ರಾಜನ ತಾಯಿ ಅನ್ನುವ ಬಿರುದು ಇದೆ, ರಾಜನ ಹೆಂಡತಿ ಅನ್ನುವುದು ಇಲ್ಲ. ಅಂದರೆ ಇವನು ಹಿಂದಿನ ರಾಜನ ಮಗನಲ್ಲ, ಹೊರಗಿನಿಂದ ಬಂದವನು. ನನ್ನ ಮೊದಲ ಚಾರ್ಟ್ ಹಾಳಾದದ್ದು ಇಲ್ಲೇ, ನೇರ ಗೆರೆ ಎಳೆದುಬಿಟ್ಟಿದ್ದೆ.

ಇವನಿಗೆ ಪಟ್ಟದ ರಾಣಿ ಅಹ್ಮೋಸಳಲ್ಲಿ ಹುಟ್ಟಿದವಳು ಹ್ಯಾಟ್‌ಶೆಪ್ಸುಟ್. ಮುತ್‌ನೊಫ್ರೆತ್ ಎಂಬ ಇನ್ನೊಬ್ಬ ಹೆಂಡತಿಯಲ್ಲಿ ಹುಟ್ಟಿದವನು ಎರಡನೇ ಥುತ್‌ಮೋಸ್. ಇಬ್ಬರಿಗೂ ಮದುವೆ ಮಾಡಿದರು. ಅವರಿಗೆ ನೆಫೆರುರೆ ಎಂಬ ಮಗಳು. ಗಂಡು ಮಗು ಹುಟ್ಟಿದ್ದು ಇಸೆತ್ ಎಂಬ ಬೇರೆ ಹೆಂಡತಿಯಲ್ಲಿ, ಅವನೇ ಮೂರನೇ ಥುತ್‌ಮೋಸ್. ಅಪ್ಪ ಸತ್ತಾಗ ಇನ್ನೂ ಮಗು. ಹಾಗಾಗಿ ಮಲತಾಯಿಯೂ ಸೋದರತ್ತೆಯೂ ಆದ ಹ್ಯಾಟ್‌ಶೆಪ್ಸುಟ್ ಆಡಳಿತ ನೋಡಿಕೊಳ್ಳಲು ಕೂತಳು, ಕೆಲವೇ ವರ್ಷಕ್ಕೆ ತಾನೇ ಫೇರೋ ಆದಳು, ರಾಜರು ಕಟ್ಟಿಕೊಳ್ಳುತ್ತಿದ್ದ ಸುಳ್ಳು ಗಡ್ಡದ ಸಮೇತ.

ಮಡಿಕೇರಿಯವರಿಗೆ ಇದು ಹೊಸದೇನಲ್ಲ. ದೊಡ್ಡ ವೀರರಾಜೇಂದ್ರ 1809ರಲ್ಲಿ ತೀರಿಕೊಂಡಾಗ ಪಟ್ಟ ಮಗಳು ದೇವಮ್ಮಾಜಿಗೆ ಬಂತು, ಪುಟ್ಟ ಹುಡುಗಿ. 1811ರಲ್ಲಿ ಚಿಕ್ಕಪ್ಪ ಲಿಂಗರಾಜೇಂದ್ರ ತಾನೇ ರಾಜನಾದ. ಮಗು ಪಟ್ಟದಲ್ಲಿದ್ದರೆ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡಬೇಕು. ಒಂದು ವ್ಯತ್ಯಾಸ ಇದೆ. ಹ್ಯಾಟ್‌ಶೆಪ್ಸುಟ್ ಹುಡುಗನನ್ನು ತೆಗೆದುಹಾಕಲಿಲ್ಲ. ಇಬ್ಬರೂ ರಾಜರೇ, ಆಳ್ವಿಕೆಯ ವರ್ಷದ ಲೆಕ್ಕವೂ ಒಂದೇ. ಹಾಗಾಗಿ ಚಾರ್ಟಿನಲ್ಲಿ ಇವರನ್ನು ಮೇಲೆ ಕೆಳಗೆ ಬರೆಯಬೇಡಿ, ಪಕ್ಕಪಕ್ಕ ಬರೆಯಿರಿ. ಮುಂದೆ ಮೂರನೇ ಥುತ್‌ಮೋಸ್ ಅವಳ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆಸಿದ್ದು ನಿಜ, ಆದರೆ ಅವಳು ಸತ್ತು ಸುಮಾರು ಇಪ್ಪತ್ತು ವರ್ಷವಾದ ಮೇಲೆ. ಸಿಟ್ಟಿಗೆ ಅಳಿಸಿದ ಅಂತ ಸುಮ್ನೆ ಬರೆದುಬಿಡಬೇಡಿ, ಇಪ್ಪತ್ತು ವರ್ಷ ಕಾಯುವ ಸಿಟ್ಟು ಯಾವುದು? ತನ್ನ ಮಗನ ಪಟ್ಟಕ್ಕೆ ಅಡ್ಡಿ ಬಾರದಿರಲಿ ಅಂತ ಮಾಡಿಸಿದ್ದು ಅನ್ನುವುದೇ ನನಗೆ ಸರಿ ಕಾಣುತ್ತದೆ.

ಇಷ್ಟು ಬರೆದಾಗ ಮಂಗಳೂರು ಕಡೆಯ ನಮ್ಮ ನೆಂಟರೊಬ್ಬರು ನೋಡಿ, ಓ ಇದು ನಮ್ಮ ಅಳಿಯಕಟ್ಟು ಅಲ್ವಾ, ಪಟ್ಟ ಹೆಣ್ಣಿನ ಕಡೆಯಿಂದ ಬರುವುದು, ಅಂದರು. ಹಿಂದೆ ಪಂಡಿತರೂ ಹಾಗೇ ಅಂದುಕೊಂಡಿದ್ದರು. ರಾಜನ ಮಗಳನ್ನು ಮದುವೆಯಾದವನಿಗೇ ಪಟ್ಟ, ಅದಕ್ಕೇ ಅಣ್ಣ ತಂಗಿ ಮದುವೆ ಅಂತ. ಈಗ ಯಾರೂ ಅದನ್ನು ಒಪ್ಪುವುದಿಲ್ಲ. ಕಾರಣ ತಿಯೆ. ಮೂರನೇ ಅಮೆನ್‌ಹೋಟೆಪನ ಪಟ್ಟದ ರಾಣಿ ಈಕೆ, ಅಪ್ಪ ಯುಯಾ, ಅಮ್ಮ ತುಯಾ, ಇಬ್ಬರೂ ರಾಜಮನೆತನದವರಲ್ಲ. ರಾಜ ಅದನ್ನು ಮುಚ್ಚಿಡಲೂ ಇಲ್ಲ. ಅತ್ತೆ ಮಾವನ ಹೆಸರನ್ನು ಜೀರುಂಡೆ ಆಕಾರದ ಕಲ್ಲಿನ ಬಿಲ್ಲೆಗಳಲ್ಲಿ ಕೆತ್ತಿಸಿ ಹಂಚಿದ, ನಾವು ಲಗ್ನಪತ್ರಿಕೆ ಹಂಚುವ ಹಾಗೆ.

ಅವನೇ ಇನ್ನೊಂದು ಬಿಲ್ಲೆಯಲ್ಲಿ ಮಿತಾನಿ ದೇಶದ ರಾಜಕುಮಾರಿ ಗಿಲುಖೆಪಾ ಬಂದದ್ದನ್ನು ಹೇಳಿಕೊಂಡಿದ್ದಾನೆ. ಜೊತೆಗೆ 317 ಹೆಂಗಸರು. ಅಷ್ಟು ಜನರ ಊಟದ ಲೆಕ್ಕ ಯಾರು ನೋಡಿಕೊಂಡರೋ! ಆದರೆ ಬ್ಯಾಬಿಲೋನಿನ ರಾಜ ನಿನ್ನ ಮಗಳನ್ನು ಕೊಡು ಅಂದಾಗ, ಈಜಿಪ್ಟಿನ ರಾಜನ ಮಗಳನ್ನು ಯಾವತ್ತೂ ಹೊರಗೆ ಕೊಟ್ಟದ್ದಿಲ್ಲ ಅಂತ ಉತ್ತರ. ಸೊಸೆ ಬರಬಹುದು, ಮಗಳು ಹೋಗುವ ಹಾಗಿಲ್ಲ. ಚಾರ್ಟಿನಲ್ಲಿ ರಾಜಕುಮಾರಿಯರ ಹೆಸರಿನ ಮುಂದೆ ಗೆರೆ ನಿಂತುಬಿಟ್ಟರೆ ಗಾಬರಿಯಾಗಬೇಡಿ.

ಹಿರಿಯ ಮಗನಿಗೇ ಪಟ್ಟ ಅಂತಲೂ ಮೊದಲೇ ತುಂಬಿಡಬೇಡಿ. ಈ ಅಮೆನ್‌ಹೋಟೆಪನ ಹಿರಿಮಗನ ಹೆಸರೂ ಥುತ್‌ಮೋಸ್ ಅಂತಲೇ. ಅವನು ಸಾಕಿದ ಬೆಕ್ಕಿಗೆ ಮಾಡಿಸಿದ ಸುಣ್ಣಕಲ್ಲಿನ ಶವಪೆಟ್ಟಿಗೆ ಇವತ್ತಿಗೂ ಇದೆ. ಬೆಕ್ಕಿನ ಹೆಸರು ತಾ-ಮಿಯು, ಅಂದರೆ ಹೆಣ್ಣು ಬೆಕ್ಕು ಅಂತಲೇ ಅರ್ಥ. ಪೆಟ್ಟಿಗೆಯ ಮೇಲೆ ಬೆಕ್ಕು ಊಟದ ಮೇಜಿನ ಮುಂದೆ ಗಂಭೀರವಾಗಿ ಕೂತಿದೆ. ಅಕ್ಕನ ಮಗಳು ಪೂರ್ತಿ ಚಾರ್ಟಿನಲ್ಲಿ ಇಷ್ಟಪಟ್ಟು ಬರೆದದ್ದು ಈ ಬೆಕ್ಕನ್ನೇ. ಹುಡುಗ ಮಾತ್ರ ಅಪ್ಪನಿಗಿಂತ ಮೊದಲೇ ತೀರಿಕೊಂಡ, ಪಟ್ಟ ತಮ್ಮನಿಗೆ ಹೋಯಿತು. ಆ ತಮ್ಮನೇ ಅಖೆನಾಟನ್.

ಅಖೆನಾಟನ್ ಮತ್ತು ನೆಫರ್ಟಿಟಿಗೆ ಆರು ಹೆಣ್ಣುಮಕ್ಕಳು. ಜಾಗ ಜಾಸ್ತಿ ಬಿಡಿ. ಇಲ್ಲಿಂದ ಟುಟಾಂಖಾಮನ್ ತನಕ ಪೆನ್ಸಿಲಿನ ಚುಕ್ಕಿ ಗೆರೆಯೇ ಗತಿ. 2010ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ಪ್ರಕಾರ ಟುಟಾಂಖಾಮನನ ಅಪ್ಪ ಅಮ್ಮ ಒಡಹುಟ್ಟಿದವರು, ಆ ಅಪ್ಪ ಅಖೆನಾಟನೇ ಅಂತ ತುಂಬಾ ಜನ ಹೇಳುತ್ತಾರೆ, ಜಗಳವೂ ನಡೆದಿದೆ. ಹುಡುಗ ಎಂಟೊಂಬತ್ತು ವರ್ಷಕ್ಕೆ ಪಟ್ಟವೇರಿದ, ಅಖೆನಾಟನನ ಮಗಳು ಅಂಖೆಸೆನಾಮುನಳನ್ನು ಮದುವೆಯಾದ, ಹದಿನೆಂಟು ಹತ್ತೊಂಬತ್ತಕ್ಕೆ ಸತ್ತ. 1922ರಲ್ಲಿ ಅವನ ಸಮಾಧಿ ಸಿಕ್ಕಾಗ ಒಳಗೆ ಎರಡು ಪುಟ್ಟ ಪೆಟ್ಟಿಗೆಗಳಿದ್ದವು. ಹುಟ್ಟುವಾಗಲೇ ಉಳಿಯದ ಎರಡು ಹೆಣ್ಣು ಶಿಶುಗಳು. ಅವರ ಹೆಸರೂ ಇಲ್ಲ. ಚಾರ್ಟಿನಲ್ಲಿ ಎರಡು ಸಣ್ಣ ಸೊನ್ನೆ ಹಾಕಿ.

ಆಮೇಲೆ ಗೆರೆ ಎಲ್ಲಿಗೆ ಎಳೆಯುವುದು? ಈಜಿಪ್ಟಿನ ಒಬ್ಬ ವಿಧವೆ ರಾಣಿ, ಬಹುಶಃ ಅಂಖೆಸೆನಾಮುನಳೇ, ಈಗಿನ ಟರ್ಕಿ ಕಡೆಯ ಹಿಟ್ಟೈಟ್ ರಾಜನಿಗೆ ನನ್ನ ಗಂಡ ಸತ್ತ, ಗಂಡು ಮಕ್ಕಳಿಲ್ಲ, ನಿನ್ನ ಮಗನೊಬ್ಬನನ್ನು ಕಳಿಸು ಅಂತ ಪತ್ರ ಬರೆದಳು. ಅವನು ಅನುಮಾನಪಟ್ಟು, ವಿಚಾರಿಸಿ, ಕೊನೆಗೆ ಮಗನನ್ನು ಕಳಿಸಿದ. ಹುಡುಗ ಪಟ್ಟವೇರಲೇ ಇಲ್ಲ, ಸತ್ತ. ಕೊಂದರು ಅಂತ ಅಪ್ಪನ ದೂರು. ಪಟ್ಟ ಹೋದದ್ದು ಆಯ್ ಎಂಬ ವಯಸ್ಸಾದ ಅಧಿಕಾರಿಗೆ.

ಇಲ್ಲಿ ಗೆರೆ ಹುಡುಕಬೇಡಿ, ಟುಟಾಂಖಾಮನನ ಸಮಾಧಿಯ ಗೋಡೆ ನೋಡಿ. ಈಜಿಪ್ಟಿನ ದೇವರ ಕಥೆಯಲ್ಲಿ ಸತ್ತ ಅಪ್ಪ ಒಸೈರಿಸನ ಕ್ರಿಯೆ ಮಾಡುವವನು ಮಗ ಹೋರಸ್, ಹಾಗಾಗಿ ರಾಜನ ಕ್ರಿಯೆ ಯಾರು ಮಾಡುತ್ತಾರೋ ಅವನೇ ವಾರಸುದಾರ, ಮಗನಾಗಲಿ ಬಿಡಲಿ. ನಮ್ಮಲ್ಲಿ ಕೊಳ್ಳಿ ಇಡುವವರು ಯಾರು ಅಂತ ಕೇಳುವ ಹಾಗೆ. ಆ ಗೋಡೆಯಲ್ಲಿ ಚಿರತೆ ಚರ್ಮ ಹೊದ್ದು ಮಮ್ಮಿಯ ಬಾಯಿಗೆ ಉಪಕರಣ ಹಿಡಿದು ಬಾಯಿ ತೆರೆಸುವ ಕ್ರಿಯೆ ಮಾಡುತ್ತಿರುವವನು ಆಯ್. ತಲೆ ಮೇಲೆ ಆಗಲೇ ರಾಜನ ನೀಲಿ ಕಿರೀಟ.

ಮಡಿಕೇರಿಯ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಮಳೆ ನಿಂತ ಮೇಲೆ ಅಕ್ಕನ ಮಗಳನ್ನು ರಾಜರ ಗದ್ದಿಗೆಗೆ, ಅಂದರೆ ಕೊಡಗಿನ ರಾಜರ ಸಮಾಧಿಗೆ, ಕರೆದುಕೊಂಡು ಹೋದೆ. ರಾಜ ಕೂರುವುದೂ ಗದ್ದುಗೆ, ಮಲಗುವುದೂ ಗದ್ದಿಗೆ. ಲಿಂಗರಾಜೇಂದ್ರನ ಗದ್ದಿಗೆ ಕಟ್ಟಿಸಿದ್ದು 1820ರಲ್ಲಿ, ಕಟ್ಟಿಸಿದವನು ಮಗ ಚಿಕ್ಕ ವೀರರಾಜೇಂದ್ರ, ಮುಂದಿನ ರಾಜನೂ ಅವನೇ. ಅವಳು ಸ್ವಲ್ಪ ಹೊತ್ತು ಗುಮ್ಮಟ ನೋಡಿ, ಚಾರ್ಟಿನಲ್ಲಿ ಆಯ್‌ಗೆ ಯಾವ ಬಣ್ಣದ ಗೆರೆ ಹಾಕೋಣ ಮಾಮ ಅಂತ ಕೇಳಿದಳು. ಹಸಿರು ಹಾಕಿದೆವು.